ಅಕ್ಷರದ ಮೆಟ್ಟಿಲುಗಳು

ಸರ್ಕಾರಿ ಇಲಾಖೆಗಳ ಜಾಲತಾಣಗಳನ್ನು ನೋಡುವ ಅಭ್ಯಾಸವಿರುವವರು ಒಂದು ಸಂಗತಿಯನ್ನು ಗಮನಿಸಿರಬಹುದು. ಅನೇಕ ತಾಣಗಳಲ್ಲಿ ಪುಟದ ನೆತ್ತಿಯ ಮೇಲೆ, ಒಂದು ಮೂಲೆಯಲ್ಲಿ, ಇಂಗ್ಲಿಷಿನ ‘ಎ’ ಅಕ್ಷರ ಮೂರು ಸಲ ಸಾಲಾಗಿ ನಿಂತಿರುತ್ತದೆ. ಒಂದರ ಪಕ್ಕದಲ್ಲಿ ಕಳೆಯುವ ಚಿಹ್ನೆ, ಇನ್ನೊಂದರ ಪಕ್ಕದಲ್ಲಿ ಕೂಡುವ ಚಿಹ್ನೆ, ನಡುವಿನದು ಒಂಟಿ. ಕೂಡುವ ಚಿಹ್ನೆಯನ್ನು ಒತ್ತಿದರೆ ಪುಟದ ಅಕ್ಷರಗಳು ಒಂದು ಮೆಟ್ಟಿಲು ದೊಡ್ಡದಾಗುತ್ತವೆ. ಕಳೆಯುವ ಚಿಹ್ನೆಯನ್ನು ಒತ್ತಿದರೆ ಒಂದು ಮೆಟ್ಟಿಲು ಇಳಿಯುತ್ತವೆ. ನಡುವಿನದನ್ನು ಒತ್ತಿದರೆ ಮೊದಲಿನಂತಾಗುತ್ತವೆ. ರೇಡಿಯೋದ ತಿರುಪಿನಂತೆ ನಮಗೆ ಬೇಕಾದಷ್ಟೇ ಹಿಗ್ಗಿಸುವ ಅವಕಾಶ ಇಲ್ಲಿಲ್ಲ. ಗೊತ್ತುಮಾಡಿದ ಮೆಟ್ಟಿಲುಗಳಲ್ಲಿಯೇ ಹತ್ತಬೇಕು, ಇಳಿಯಬೇಕು.

ಈ ಮೆಟ್ಟಿಲುಗಳನ್ನು ಕಟ್ಟಿದವರು ಗಣಕಯಂತ್ರದ ತಜ್ಞರೆಂದು ಭಾವಿಸುವುದು ಸಹಜ. ಆದರೆ ಇವುಗಳ ಬುನಾದಿ ಇರುವುದು ಸೀಸದ ಮೊಳೆಗಳಲ್ಲಿ. ಅಕ್ಷರದ ಗಾತ್ರ ಎಷ್ಟಿರಬೇಕು, ಅದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಗೆ ಐದು ಶತಮಾನಗಳಿಗೂ ಮೀರಿದ ಇತಿಹಾಸವಿದೆ. ಈ ಇತಿಹಾಸದಲ್ಲಿ ಓದುವವನಿಗೆ ಸ್ಥಾನ ಸಿಕ್ಕಿದ್ದು ಬಹಳ ತಡವಾಗಿ. ಅದರಲ್ಲೂ ಕನ್ನಡ ಓದುವವನಿಗೆ ಇನ್ನೂ ತಡವಾಗಿ.

ಶಾಸನ ಕೊರೆಯುವ ಕಲ್ಕುಟಿಗನಿಗೂ ತಾಳೆಗರಿಯ ಮೇಲೆ ಕಂಠದಿಂದ ಬರೆಯುವ ಲಿಪಿಕಾರನಿಗೂ ಮೆಟ್ಟಿಲುಗಳ ಹಂಗಿರಲಿಲ್ಲ. ಕಲ್ಲು ದೊಡ್ಡದಿದ್ದರೆ ಅಕ್ಷರ ದೊಡ್ಡದು. ಗರಿ ಕಿರಿದಾದರೆ ಅಕ್ಷರವೂ ಕಿರಿದು. ಕೈ ಹೇಗೆ ಓಡಿದರೆ ಹಾಗೆ. ಹದಿನೈದನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ಮೈಂಟ್ಸ್ ನಗರದಲ್ಲಿ ಗುಟೆನ್‌ಬರ್ಗ್ ಬಿಡಿ ಮೊಳೆಗಳಿಂದ ಪುಸ್ತಕ ಅಚ್ಚುಹಾಕಿದಾಗ ಈ ಸ್ವಾತಂತ್ರ್ಯ ಹೋಯಿತು. ಲೋಹದ ಮೊಳೆಯನ್ನು ಎಳೆದು ಹಿಗ್ಗಿಸಲಾಗದು. ಸ್ವಲ್ಪ ದೊಡ್ಡ ಅಕ್ಷರ ಬೇಕೆಂದರೆ ಇಡೀ ವರ್ಣಮಾಲೆಯನ್ನು ಹೊಸದಾಗಿ ಉಕ್ಕಿನಲ್ಲಿ ಕೊರೆದು, ತಾಮ್ರದಲ್ಲಿ ಅಚ್ಚೊತ್ತಿ, ಸೀಸ, ತವರ, ಅಂಟಿಮನಿಗಳ ಮಿಶ್ರಣದಲ್ಲಿ ಎರಕ ಹೊಯ್ಯಬೇಕು. ಪ್ರತಿ ಗಾತ್ರಕ್ಕೂ ಬೇರೆ ದುಡ್ಡು, ಬೇರೆ ದುಡಿಮೆ, ಇಡಲು ಬೇರೆ ಪೆಟ್ಟಿಗೆ. ಆದ್ದರಿಂದ ಅಚ್ಚುಕೂಟದವರು ಕೆಲವೇ ಗಾತ್ರಗಳನ್ನು ಆರಿಸಿಕೊಂಡು ತೃಪ್ತರಾದರು. ಮೆಟ್ಟಿಲುಗಳು ಹುಟ್ಟಿದ್ದು ಹೀಗೆ, ಲೋಹದ ಹಟದಿಂದ.

ಮೊದಲಿಗೆ ಈ ಮೆಟ್ಟಿಲುಗಳಿಗೆ ಸಂಖ್ಯೆಗಳಿರಲಿಲ್ಲ, ಹೆಸರುಗಳಿದ್ದವು. ಲಂಡನ್ನಿನ ಜೋಸೆಫ್ ಮಾಕ್ಸನ್ 1683ರಲ್ಲಿ ಮುದ್ರಣ ವಿದ್ಯೆಯನ್ನು ಕುರಿತು ಬರೆದಾಗ ಪರ್ಲ್, ಬ್ರೆವಿಯರ್, ಲಾಂಗ್ ಪ್ರಿಮರ್, ಪೈಕಾ, ಇಂಗ್ಲಿಷ್, ಗ್ರೇಟ್ ಪ್ರಿಮರ್ ಮೊದಲಾದ ಹೆಸರುಗಳನ್ನು ಪಟ್ಟಿಮಾಡಿ, ಒಂದು ಅಡಿಯ ಉದ್ದದಲ್ಲಿ ಯಾವ ಮೊಳೆ ಎಷ್ಟು ಹಿಡಿಯುತ್ತದೆ ಎಂದು ಲೆಕ್ಕ ಕೊಟ್ಟ. ಪೈಕಾ 75, ಗ್ರೇಟ್ ಪ್ರಿಮರ್ 50. ಆದರೆ ಒಂದು ಕಾರ್ಖಾನೆಯ ಪೈಕಾ ಇನ್ನೊಂದರ ಪೈಕಾಕ್ಕೆ ಸರಿಹೊಂದುತ್ತಿರಲಿಲ್ಲ. ಊರೂರಿಗೆ ಸೇರು, ಪಾವು ಬದಲಾಗುತ್ತಿದ್ದ ಹಾಗೆ. ಎರಡು ಕಡೆಯ ಮೊಳೆಗಳನ್ನು ಒಂದೇ ಸಾಲಿನಲ್ಲಿ ಕೂಡಿಸಿದರೆ ಸಾಲು ಡೊಂಕು. ಸರಿಪಡಿಸಲು ಕಂಪೋಜಿಟರ್ ಕಾಗದದ ಚೂರುಗಳನ್ನು ತುರುಕಬೇಕು.

ಇದಕ್ಕೆ ಪರಿಹಾರ ಹುಡುಕಿದವನು ಪ್ಯಾರಿಸಿನ ಪಿಯರ್ ಸಿಮೋನ್ ಫೂರ್ನಿಯೆ. ಎರಡು ಅಂಗುಲಗಳನ್ನು 144 ಪಾಲು ಮಾಡಿ, ಒಂದು ಪಾಲನ್ನು ‘ಪಾಯಿಂಟ್’ ಎಂದು ಕರೆದು, ಎಲ್ಲ ಗಾತ್ರಗಳನ್ನೂ ಈ ಪಾಯಿಂಟುಗಳಲ್ಲಿ ಹೇಳುವ ಕೋಷ್ಟಕವನ್ನು 1737ರಲ್ಲಿ ಪ್ರಕಟಿಸಿದ. ಆತನ ಅಂಗುಲ ಫ್ರಾನ್ಸಿನ ರಾಜಮಾನ್ಯ ಅಂಗುಲಕ್ಕೆ ಸರಿಯಿರಲಿಲ್ಲ. 1783ರ ಸುಮಾರಿಗೆ ಫ್ರಾನ್ಸ್ವಾ ಆಂಬ್ರ್ವಾಸ್ ದಿದೋ ಅದನ್ನು ಸರಿಪಡಿಸಿದ್ದಲ್ಲದೆ, ಹಳೆಯ ಹೆಸರುಗಳನ್ನೆಲ್ಲ ಕೈಬಿಟ್ಟು ಬರೀ ಸಂಖ್ಯೆಗಳನ್ನು ಬಳಕೆಗೆ ತಂದ. ಅಮೆರಿಕದಲ್ಲಿ ಈ ಸುಧಾರಣೆಗೆ ದಾರಿಮಾಡಿಕೊಟ್ಟದ್ದು ಬೆಂಕಿ. 1871ರ ಷಿಕಾಗೋ ಅಗ್ನಿ ಅನಾಹುತದಲ್ಲಿ ಮಾರ್ಡರ್ ಲ್ಯೂಸ್ ಎಂಬ ಮೊಳೆ ಎರಕದ ಕಾರ್ಖಾನೆ ಸುಟ್ಟುಹೋಯಿತು. ಹೇಗೂ ಎಲ್ಲವನ್ನೂ ಹೊಸದಾಗಿ ಮಾಡಬೇಕು, ಅಳತೆಯನ್ನೂ ಹೊಸದಾಗಿ ಮಾಡೋಣವೆಂದು ಅವರು ಪಾಯಿಂಟ್ ಪದ್ಧತಿಯನ್ನು ಹಿಡಿದರು. 1886ರಲ್ಲಿ ಅಮೆರಿಕದ ಮೊಳೆ ತಯಾರಕರೆಲ್ಲರೂ ಅದನ್ನು ಒಪ್ಪಿದರು. 1898ರಲ್ಲಿ ಬ್ರಿಟನ್ನಿನವರೂ ಒಪ್ಪಿದರು. ಇಂದು ಗಣಕಯಂತ್ರದಲ್ಲಿ ನಾವು ‘12 ಪಾಯಿಂಟ್’ ಎಂದು ಆರಿಸುವಾಗ, ಅಂಗುಲದ 72ನೆಯ ಒಂದು ಪಾಲೆಂದು ತುಸು ತಿದ್ದಿದ ಆ ಅಳತೆಯನ್ನೇ ಬಳಸುತ್ತಿದ್ದೇವೆ.

ಮುದ್ರಕರ ಗಾತ್ರಗಳ ಪಟ್ಟಿಯನ್ನು ಒಮ್ಮೆ ನೋಡಿ: 6, 7, 8, 9, 10, 11, 12, 14, 18, 24, 36, 48, 60, 72. ಕೆಳಗಿನ ಮೆಟ್ಟಿಲುಗಳು ಒಂದೊಂದೇ ಪಾಯಿಂಟ್. ಮೇಲೆ ಹೋದಂತೆ ಒಂದೊಂದು ಮೆಟ್ಟಿಲೂ ಹನ್ನೆರಡು ಪಾಯಿಂಟ್. ಇದು ಅನುಭವದಿಂದ ಬಂದ ಜಾಣತನ. ಲೈಪ್ಸಿಗ್ ವಿಶ್ವವಿದ್ಯಾಲಯದ ಎರ್ನ್‌ಸ್ಟ್ ವೇಬರ್ 1834ರಲ್ಲಿ ತೂಕಗಳನ್ನು ಕೈಯಲ್ಲಿ ಹಿಡಿಸಿ ಪ್ರಯೋಗ ಮಾಡಿ ಒಂದು ನಿಯಮ ಕಂಡುಕೊಂಡ. ನಮ್ಮ ಇಂದ್ರಿಯಗಳಿಗೆ ವ್ಯತ್ಯಾಸ ತಿಳಿಯುವುದು ಎಷ್ಟು ಹೆಚ್ಚಾಯಿತು ಎಂಬುದರಿಂದಲ್ಲ, ಇದ್ದದ್ದರ ಎಷ್ಟನೆಯ ಪಾಲು ಹೆಚ್ಚಾಯಿತು ಎಂಬುದರಿಂದ. ಆರು ಪಾಯಿಂಟಿಗೆ ಒಂದು ಸೇರಿದರೆ ಕಣ್ಣಿಗೆ ಗೊತ್ತಾಗುತ್ತದೆ. ಅರವತ್ತಕ್ಕೆ ಒಂದು ಸೇರಿದರೆ ಗೊತ್ತೇ ಆಗುವುದಿಲ್ಲ, ಹನ್ನೆರಡು ಸೇರಬೇಕು. ಲೋಹದ ಹಟದಿಂದ ಹುಟ್ಟಿದ ಮೆಟ್ಟಿಲುಗಳು ಕಣ್ಣಿನ ಸ್ವಭಾವಕ್ಕೂ ಒಪ್ಪಿಗೆಯಾದವು. ಲೋಹ ಹೋದ ಮೇಲೂ ಅವು ಉಳಿದುಕೊಂಡದ್ದಕ್ಕೆ ಇದೇ ಕಾರಣವೆಂದು ನನ್ನ ಭಾವನೆ.

ಇನ್ನು ನಮ್ಮ ಕನ್ನಡದ ಕತೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಮೊಳೆಗಳಿಂದ ಅಚ್ಚಾಯಿತು. ಆದರೆ 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದಾಗ ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿಗೆ ಮೊಳೆ ಬೇಡ. ಬರೆದದ್ದು ಬರೆದ ಹಾಗೆಯೇ ಕಲ್ಲಿನ ಮೇಲೆ ಮೂಡಿ ಕಾಗದಕ್ಕೆ ಇಳಿಯುತ್ತದೆ. ಅಂದರೆ ಇಡೀ ಪುಟವೇ ಒಂದು ಚಿತ್ರ; ಅದರಲ್ಲಿ ಬಿಡಿ ಅಕ್ಷರವೆಂಬುದಿಲ್ಲ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾದಾಗ ಮೊಳೆಗಳ ಅಚ್ಚು ಬಂತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಕಿಟ್ಟೆಲ್ ನಿಘಂಟನ್ನು ಅಚ್ಚುಹಾಕುವ ಹೊತ್ತಿಗೆ ಕನ್ನಡ ಮೊಳೆ ಪಕ್ವವಾಗಿತ್ತು. ಚಿತ್ರದಿಂದ ಬಿಡಿ ಅಕ್ಷರಕ್ಕೆ ಬಂದ ಈ ಪಯಣವನ್ನು ವಾಚಕರು ನೆನಪಿನಲ್ಲಿಡಬೇಕು. ನೂರೈವತ್ತು ವರ್ಷಗಳ ಮೇಲೆ ಕನ್ನಡ ಇದೇ ದಾರಿಯನ್ನು ಮತ್ತೊಮ್ಮೆ ನಡೆಯಬೇಕಾಯಿತು.

ಕನ್ನಡ ಮೊಳೆಗೆ ಇನ್ನೊಂದು ತೊಡಕು. ಇಂಗ್ಲಿಷಿನ ಅಕ್ಷರಗಳು ಒಂದೇ ಅಂತಸ್ತಿನ ಮನೆಗಳು. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಕೆಲವೊಮ್ಮೆ ಒತ್ತಿನ ಮೇಲೆ ಒತ್ತು. 12 ಪಾಯಿಂಟಿನ ಎತ್ತರದಲ್ಲಿ ಇವಿಷ್ಟೂ ಹಿಡಿಯಬೇಕಾದರೆ ಮೂಲ ಅಕ್ಷರವೇ ಕುಗ್ಗಬೇಕು. ಆದುದರಿಂದ ಒಂದೇ ಪಾಯಿಂಟಿನ ಇಂಗ್ಲಿಷು ಕನ್ನಡಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಸಾಮಾನ್ಯವಾಗಿ ಕನ್ನಡ ಸಣ್ಣದಾಗಿ ಕಾಣುತ್ತದೆ. ಇಂಗ್ಲಿಷಿನವರು ಎಣಿಸಿದ ಮೆಟ್ಟಿಲಿನಲ್ಲಿ ನಾವು ಒಂದು ಮೆಟ್ಟಿಲು ಕೆಳಗೆ ನಿಂತಂತೆ.

ಇಷ್ಟು ಕಾಲವೂ ಗಾತ್ರವನ್ನು ನಿರ್ಧರಿಸುತ್ತಿದ್ದವನು ಮುದ್ರಕ. ಓದುವವನ ಕೈಯಲ್ಲಿದ್ದದ್ದು ಕನ್ನಡಕವೊಂದೇ. ನಲವತ್ತು ದಾಟಿದ ಮೇಲೆ ಬರುವ ದೃಷ್ಟಿದೋಷಕ್ಕೆ ನಮ್ಮ ಹಿರಿಯರು ‘ಚಾಳೀಸು’ ಎಂದೇ ಹೆಸರಿಟ್ಟಿದ್ದಾರೆ. ಹಿಂದಿಯ ನಲವತ್ತೇ ಕನ್ನಡದಲ್ಲಿ ಕಣ್ಣಿನ ಕಾಯಿಲೆಯಾದದ್ದು ಉತ್ತರ ಭಾರತದಲ್ಲಿ ನೆಲೆಸಿದ ನಮ್ಮಂಥವರಿಗೆ ವಿನೋದವೆನಿಸಬಹುದು. ಕೌತುಕವೆಂದರೆ ಕನ್ನಡಕದಲ್ಲೂ ಮೆಟ್ಟಿಲುಗಳೇ. ಫ್ರಾನ್ಸಿನ ವೈದ್ಯ ಮೊನ್ವಾಯೆ 1872ರಲ್ಲಿ ಹೆಸರಿಟ್ಟ ‘ಡಯಾಪ್ಟರ್’ ಎಂಬ ಮಾನದಲ್ಲಿ ಕಾಲು ಕಾಲಾಗಿ ಗಾಜಿನ ಬಲ ಏರುತ್ತದೆ: ಒಂದು, ಒಂದೂಕಾಲು, ಒಂದೂವರೆ, ಒಂದೂಮುಕ್ಕಾಲು. ಹತ್ತಿರದ ದೃಷ್ಟಿಯನ್ನು ಪರೀಕ್ಷಿಸಲು ವಿಯೆನ್ನಾದ ಯೇಗರ್ 1854ರಲ್ಲಿ ಓದುವ ಪಟ್ಟಿ ಮಾಡಿದಾಗ ಅಲ್ಲಿನ ಸರ್ಕಾರಿ ಮುದ್ರಣಾಲಯದಲ್ಲಿ ಲಭ್ಯವಿದ್ದ ಮೊಳೆಗಳನ್ನೇ ಬಳಸಿದ. ಇಂದು ಕಣ್ಣಿನ ವೈದ್ಯರು ಚೀಟಿಯಲ್ಲಿ ‘ಎನ್ 6’, ‘ಎನ್ 8’ ಎಂದು ಬರೆಯುವುದನ್ನು ನೋಡಿದ್ದೀರಿ. ಆರು, ಎಂಟು ಎಂಬುವು ಮುದ್ರಕರ ಪಾಯಿಂಟುಗಳೇ. 1976ರಲ್ಲಿ ಆಸ್ಟ್ರೇಲಿಯದ ಬೈಲಿ ಮತ್ತು ಲವಿ ಎಂಬಿಬ್ಬರು ದೃಷ್ಟಿ ಪರೀಕ್ಷೆಯ ಹೊಸ ಫಲಕ ರಚಿಸಿದಾಗ, ಪ್ರತಿ ಸಾಲೂ ಕೆಳಗಿನ ಸಾಲಿನ ಸುಮಾರು 1.26ರಷ್ಟಿರುವಂತೆ, ಮೂರು ಸಾಲು ಮೇಲೇರಿದರೆ ಅಕ್ಷರ ಇಮ್ಮಡಿಯಾಗುವಂತೆ ಮಾಡಿದರು. ವೇಬರನ ನಿಯಮವೇ ಮತ್ತೆ.

ಕಚೇರಿಗಳಿಗೆ ಬಂದ ಬೆರಳಚ್ಚು ಯಂತ್ರ ಈ ವಿಷಯದಲ್ಲಿ ಏನೂ ಉಪಕಾರ ಮಾಡಲಿಲ್ಲ. ಇಂಗ್ಲಿಷ್ ಯಂತ್ರವಾದರೆ ಅಂಗುಲಕ್ಕೆ ಹತ್ತು ಅಕ್ಷರದ ಪೈಕಾ, ಇಲ್ಲವೆ ಹನ್ನೆರಡು ಅಕ್ಷರದ ಇಲೈಟ್. ಕೊಂಡ ಮೇಲೆ ಅದೇ ಗತಿ. ಜೆರಾಕ್ಸ್ ಯಂತ್ರ ಬಂದ ಮೇಲೆ ಮೊದಲ ಬಾರಿಗೆ, ಅಚ್ಚಾಗಿ ಬಂದ ಪುಟವನ್ನು ಸಾಮಾನ್ಯ ನೌಕರನೊಬ್ಬ ಗುಂಡಿಯೊತ್ತಿ ದೊಡ್ಡದು ಮಾಡಬಲ್ಲವನಾದ. ಅಲ್ಲಿಯೂ ಗುಂಡಿಗಳು 71, 141 ಎಂಬ ವಿಚಿತ್ರ ಸಂಖ್ಯೆಗಳವು. ಜರ್ಮನಿ 1922ರಲ್ಲಿ ಗೊತ್ತುಮಾಡಿದ ಎ ವರ್ಗದ ಕಾಗದಗಳ ಉದ್ದಗಲಗಳ ಅನುಪಾತ ಎರಡರ ವರ್ಗಮೂಲ. ಶೇಕಡಾ 141ಕ್ಕೆ ಹಿಗ್ಗಿಸಿದರೆ ಎ4 ಪುಟ ಸರಿಯಾಗಿ ಎ3 ಆಗುತ್ತದೆ. ಇಲ್ಲಿ ಹಿಗ್ಗುವುದು ಅಕ್ಷರ ಮಾತ್ರವಲ್ಲ, ಚಿತ್ರ, ಗೆರೆ, ಅಂಚು ಸಹಿತ ಇಡೀ ಪುಟ. ಈ ಭೇದ ಮುಂದೆ ಮುಖ್ಯವಾಗುತ್ತದೆ.

ಜಿನೀವಾದ ಬಳಿಯ ಸರ್ನ್ ಸಂಶೋಧನ ಕೇಂದ್ರದಲ್ಲಿ ಟಿಮ್ ಬರ್ನರ್ಸ್‌ಲೀ 1990ರಲ್ಲಿ ಅಂತರ್ಜಾಲದ ಮೊದಲ ಬ್ರೌಸರನ್ನು ಬರೆದಾಗ, ಪುಟ ಬರೆಯುವವನಿಗೆ ಗಾತ್ರ ಹೇಳುವ ಹಕ್ಕೇ ಇರಲಿಲ್ಲ. ‘ಇದು ಶೀರ್ಷಿಕೆ, ಇದು ಉಪಶೀರ್ಷಿಕೆ’ ಎಂದಷ್ಟೇ ಹೇಳಬಹುದಿತ್ತು. ಎಷ್ಟು ದೊಡ್ಡದಾಗಿ ತೋರಿಸಬೇಕೆಂಬುದು ಓದುವವನ ಕಡೆಗೆ ಬಿಟ್ಟದ್ದು. ಅಲಂಕಾರ ಬಯಸಿದ ಲೇಖಕರಿಗೆ ಇದು ಸಾಲದೆ ಹೋಯಿತು. ನೆಟ್‌ಸ್ಕೇಪ್ ಒಂದರಿಂದ ಏಳರವರೆಗಿನ ಏಳು ಗಾತ್ರಗಳನ್ನು ಅವರ ಕೈಗೆ ಕೊಟ್ಟಿತು. ಅದೇ ಕಾಲಕ್ಕೆ, 1994ರ ಅಕ್ಟೋಬರಿನಲ್ಲಿ, ಸರ್ನ್‌ನಲ್ಲಿದ್ದ ನಾರ್ವೆಯ ಹೋಕೋನ್ ವೀಯುಮ್ ಲೀ ಒಂದು ಸಂಧಾನ ಸೂತ್ರ ಮುಂದಿಟ್ಟರು. ಗಾತ್ರದ ವಿಷಯದಲ್ಲಿ ಬರೆಯುವವನ ಮಾತಿಗೆ ಇಷ್ಟು ಶೇಕಡಾ ಬೆಲೆ, ಓದುವವನ ಮಾತಿಗೆ ಇಷ್ಟು ಶೇಕಡಾ ಬೆಲೆ ಎಂದು ಹಂಚಿಕೊಳ್ಳುವುದು. ಶೇಕಡಾವಾರು ಹಂಚಿಕೆ ಮುಂದೆ ಉಳಿಯಲಿಲ್ಲ. ಆದರೆ ಇಬ್ಬರಿಗೂ ಹಕ್ಕಿದೆಯೆಂಬ ತತ್ತ್ವ 1996ರ ಡಿಸೆಂಬರಿನಲ್ಲಿ ಹೊರಬಂದ ಸಿ.ಎಸ್.ಎಸ್. ನಿಯಮಾವಳಿಯಲ್ಲಿ ನೆಲೆನಿಂತಿತು.

ಆ ನಿಯಮಾವಳಿಯಲ್ಲೂ ಏಳು ಮೆಟ್ಟಿಲುಗಳಿದ್ದವು. ಒಂದೊಂದು ಮೆಟ್ಟಿಲೂ ಹಿಂದಿನದರ ಒಂದೂವರೆಯಷ್ಟಿರಲಿ ಎಂಬ ಸಲಹೆಯಿತ್ತು. ಲೆಕ್ಕ ಹಾಕಿ ನೋಡಿ. ನಡುವಿನ ಮೆಟ್ಟಿಲು 12 ಪಾಯಿಂಟಾದರೆ ಕೆಳಗಿನದು 8, ಅದರ ಕೆಳಗಿನದು 5ಕ್ಕೆ ತುಸು ಮೇಲು, ಕೊನೆಯದು ಮೂರೂವರೆ. ಇರುವೆಯ ಸಾಲನ್ನು ಓದಿದಂತೆ! ಅನುಭವದಿಂದ ಪಾಠ ಕಲಿತು 1998ರ ಎರಡನೆಯ ಆವೃತ್ತಿಯಲ್ಲಿ ಒಂದೂವರೆಯನ್ನು 1.2ಕ್ಕೆ ಇಳಿಸಿದರು. ಆಗ 12ರ ಕೆಳಗೆ 10, ಅದರ ಕೆಳಗೆ 8ಕ್ಕೆ ತುಸು ಮೇಲು, ಕೊನೆಯದು ಏಳರ ಹತ್ತಿರ. ಹಳೆಯ ಮುದ್ರಕರ ಪಟ್ಟಿಗೂ ಕಣ್ಣಿನ ವೈದ್ಯರ ಫಲಕಕ್ಕೂ ಎಷ್ಟು ಸಮೀಪ!

ತತ್ತ್ವ ಒಂದಾದರೆ ಆಚರಣೆ ಇನ್ನೊಂದು. ಬಹುಕಾಲ ಜಗತ್ತಿನ ಹೆಚ್ಚಿನವರು ಬಳಸುತ್ತಿದ್ದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬ್ರೌಸರಿನಲ್ಲಿ ಅಕ್ಷರಕ್ಕೆ ಐದು ಮೆಟ್ಟಿಲುಗಳಿದ್ದವು. ಆದರೆ ಅವು ಪಟ್ಟಿಯೊಳಗಿನ ಪಟ್ಟಿಯಲ್ಲಿ ಅಡಗಿದ್ದವು. ಪುಟ ಮಾಡಿದವನು ಗಾತ್ರವನ್ನು ಪಿಕ್ಸೆಲ್ ಲೆಕ್ಕದಲ್ಲಿ ಬಿಗಿದಿಟ್ಟಿದ್ದರೆ ಆ ಮೆಟ್ಟಿಲುಗಳು ಕೆಲಸವನ್ನೇ ಮಾಡುತ್ತಿರಲಿಲ್ಲ. ಈ ಕೊರತೆಯನ್ನು ತುಂಬಿಕೊಳ್ಳಲು ಜಾಲತಾಣದವರು ತಮ್ಮ ಪುಟಗಳ ಮೇಲೆಯೇ ಸಣ್ಣದು, ಮಧ್ಯಮ, ದೊಡ್ಡದು ಎಂಬ ಗುಂಡಿಗಳನ್ನು ಇಡತೊಡಗಿದರು. ಮೂರು ‘ಎ’ಗಳ ಸಾಲು ಹುಟ್ಟಿದ ಹಿನ್ನೆಲೆ ಇದು. 2006ರಲ್ಲಿ ಎಕ್ಸ್‌ಪ್ಲೋರರಿನ ಏಳನೆಯ ಆವೃತ್ತಿ, 2008ರಲ್ಲಿ ಫೈರ್‌ಫಾಕ್ಸಿನ ಮೂರನೆಯ ಆವೃತ್ತಿ ಜೆರಾಕ್ಸಿನ ಹಾಗೆ ಇಡೀ ಪುಟವನ್ನೇ ಹಿಗ್ಗಿಸುವ ಕ್ರಮವನ್ನು ತಂದವು. ನಾರ್ವೆಯ ಒಪೇರಾ ಬ್ರೌಸರಿನಲ್ಲಿ ಇದು ಮೊದಲೇ ಇತ್ತು. ಈಗ ಕ್ರೋಮ್ ಬ್ರೌಸರಿನಲ್ಲಿ ಕಂಟ್ರೋಲ್ ಕೀಲಿ ಹಿಡಿದು ಕೂಡುವ ಚಿಹ್ನೆಯನ್ನು ಒತ್ತುತ್ತ ಹೋದರೆ 100ರಿಂದ 110, 125, 150, 175, 200, 250, 300, 400, 500 ಎಂದು ಶೇಕಡಾ ಮೆಟ್ಟಿಲುಗಳು ಏರುತ್ತವೆ. ಮೇಲೆ ಹೋದಂತೆ ಮೆಟ್ಟಿಲು ದೊಡ್ಡದು. ಸೀಸವಿಲ್ಲ, ಎರಕವಿಲ್ಲ, ಪಟ್ಟಿಯ ನಡೆ ಮಾತ್ರ ಅದೇ.

ಇದು ಬರಿಯ ಅನುಕೂಲದ ಮಾತಾಗಿ ಉಳಿಯಲಿಲ್ಲ. 2008ರ ಡಿಸೆಂಬರಿನಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ, ಅಕ್ಷರಗಳನ್ನು ಶೇಕಡಾ 200ರವರೆಗೆ ಹಿಗ್ಗಿಸಿದರೂ ಪುಟದ ವಿಷಯವಾಗಲಿ ಉಪಯೋಗವಾಗಲಿ ಕೆಡಬಾರದೆಂದು ವಿಧಿಸಿತು. 2009ರಲ್ಲಿ ನಮ್ಮ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ ಸರ್ಕಾರಿ ಜಾಲತಾಣಗಳಿಗೆ ಮಾರ್ಗಸೂಚಿ ರಚಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಮಾಹಿತಿ ಎಲ್ಲರಿಗೂ ಎಟುಕಬೇಕೆಂಬುದನ್ನು ಹಕ್ಕಾಗಿಸಿತು. 2014ರಿಂದ ಪಿಂಚಣಿದಾರರ ಜೀವನ ಪ್ರಮಾಣಪತ್ರವೂ ಗಣಕದ ಮೂಲಕ ಸಲ್ಲುವಂತಾದುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ‘ನಾನು ಬದುಕಿದ್ದೇನೆ’ ಎಂದು ಸರ್ಕಾರಕ್ಕೆ ತಿಳಿಸುವ ಮುದುಕರಿಗೆ ಪರದೆಯ ಮೇಲಿನ ಸೂಚನೆ ಓದಲು ಬರಲೇಬೇಕಲ್ಲ!

ಈ ಹೊತ್ತಿನಲ್ಲಿ ಕನ್ನಡ ಎಲ್ಲಿತ್ತು? ಯೂನಿಕೋಡ್ 1991ರಲ್ಲಿಯೇ ಕನ್ನಡ ಅಕ್ಷರಗಳಿಗೆ ಸ್ಥಾನ ಕೊಟ್ಟಿತ್ತು. ಆದರೆ ಸಾಮಾನ್ಯರ ಗಣಕಗಳಿಗೆ ಅದು ಬಂದದ್ದು 2001ರಲ್ಲಿ, ವಿಂಡೋಸ್ ಎಕ್ಸ್‌ಪಿಯ ಜತೆಗೆ ‘ತುಂಗಾ’ ಎಂಬ ಅಕ್ಷರರೂಪ ಬಂದಾಗ. ಅದಕ್ಕೆ ಮುಂಚೆ, ಆಮೇಲೂ ಕೆಲಕಾಲ, ಕನ್ನಡವನ್ನು ಎಷ್ಟೋ ಪುಟಗಳಲ್ಲಿ ಚಿತ್ರವಾಗಿ ಅಂಟಿಸುತ್ತಿದ್ದರು. ಕೂಡುವ ಚಿಹ್ನೆಯನ್ನು ಒತ್ತಿದರೆ ಇಂಗ್ಲಿಷ್ ಅಕ್ಷರಗಳು ಬೆಳೆಯುತ್ತಿದ್ದವು; ಕನ್ನಡ ಇದ್ದಲ್ಲೇ ಇರುತ್ತಿತ್ತು. 1843ರ ಕಲ್ಲಚ್ಚಿನ ಸ್ಥಿತಿಯೇ ಇದು: ಪುಟ ಚಿತ್ರವಾಗಿರುವವರೆಗೆ ಬಿಡಿ ಅಕ್ಷರವಿಲ್ಲ, ಬಿಡಿ ಅಕ್ಷರವಿಲ್ಲದ ಕಡೆ ಓದುವವನ ಕೈಗೆ ಮೆಟ್ಟಿಲೂ ಇಲ್ಲ.

ಅಕ್ಷರ ಬೆಳೆದರೂ ಅದರ ಸುತ್ತಲಿನ ಚೌಕ ಬೆಳೆಯದಿದ್ದರೆ ಇನ್ನೊಂದು ಪ್ರಮಾದ. ಪುಟ ಕಟ್ಟುವವರು ಇಂಗ್ಲಿಷಿನ ಎತ್ತರಕ್ಕೆ ಅಳೆದು ಚೌಕದ ಎತ್ತರವನ್ನು ಬಿಗಿದಿಟ್ಟರೆ, ಹಿಗ್ಗಿಸಿದಾಗ ಮೊದಲು ಕತ್ತರಿಸಿಹೋಗುವುದು ನಮ್ಮ ಒತ್ತಕ್ಷರ. ಒತ್ತು ಮರೆಯಾದರೆ ‘ಮಗ್ಗ’ ‘ಮಗ’ನಾಗುತ್ತದೆ, ‘ಕತ್ತೆ’ ‘ಕತೆ’ಯಾಗುತ್ತದೆ. ನಗು ಬರುವ ಮಾತೇ ಹೌದು. ಆದರೆ ಔಷಧಿಯ ಸೂಚನೆಯಲ್ಲೋ ಅರ್ಜಿಯಲ್ಲೋ ಹೀಗಾದರೆ ನಗಲಾಗದು. ಅಕ್ಷರದೊಡನೆ ಅದರ ಮನೆಯೂ ಬೆಳೆಯಬೇಕು.

2007ರಲ್ಲಿ ಐಫೋನ್ ಎರಡು ಬೆರಳುಗಳಿಂದ ಪುಟವನ್ನು ಹಿಗ್ಗಿಸುವುದನ್ನು ರೂಢಿಗೆ ತಂದಾಗ ಮೆಟ್ಟಿಲುಗಳ ಕಾಲ ಮುಗಿಯಿತೆಂದು ತೋರಿತ್ತು. ಆದರೆ ಬೆರಳಿನಿಂದ ಹಿಗ್ಗಿಸಿದಾಗ ಸಾಲುಗಳು ಪರದೆಯಾಚೆಗೆ ಹೋಗುತ್ತವೆ. ಒಂದೊಂದು ಸಾಲಿಗೂ ಪುಟವನ್ನು ಎಡಕ್ಕೆ ಬಲಕ್ಕೆ ಎಳೆಯಬೇಕು. ಅದೇ ಸಂಸ್ಥೆ 2013ರಲ್ಲಿ ಅಕ್ಷರಗಳಿಗೆ ಏಳು ಸಾಮಾನ್ಯ ಗಾತ್ರಗಳನ್ನೂ, ದೃಷ್ಟಿ ಕಡಿಮೆಯಿರುವವರಿಗೆಂದು ಮೇಲೆ ಐದನ್ನೂ ಕೊಟ್ಟಿತು. 2023ರ ಆಂಡ್ರಾಯ್ಡ್ ಆವೃತ್ತಿಯಲ್ಲಿ ಶೇಕಡಾ 200ರವರೆಗೆ ಏರಿಸಬಹುದು. ಆಗಲೇ ದೊಡ್ಡದಾಗಿರುವ ಶೀರ್ಷಿಕೆಗಳು ಮಾತ್ರ ಸಣ್ಣ ಅಕ್ಷರಗಳಷ್ಟು ಬೆಳೆಯುವುದಿಲ್ಲ. ಮೆಟ್ಟಿಲು ಹತ್ತಿದಾಗ ಸಾಲುಗಳು ತಾವಾಗಿ ಮಡಿಸಿಕೊಂಡು ಪರದೆಯೊಳಗೇ ನಿಲ್ಲುತ್ತವೆ. ಬೆರಳಿನ ಎಳೆತಕ್ಕಿಂತ ಮೆಟ್ಟಿಲು ಮೇಲೆನ್ನುವುದು ಇದರಿಂದಲೇ.

ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ಕನ್ನಡ ಪುಸ್ತಕದಂಗಡಿ ಬೀದಿಯ ಕೊನೆಯಲ್ಲಿಲ್ಲದ ಊರುಗಳಲ್ಲಿ ಮನೆಯ ಹಿರಿಯರಿಗೆ ಕನ್ನಡ ಸಿಗುವುದು ಬಹುಪಾಲು ಮೊಬೈಲಿನ ಪರದೆಯ ಮೇಲೆ. ಮಕ್ಕಳಿಗಾದರೋ ಲಿಪಿಯ ಪರಿಚಯ ಅಷ್ಟಕ್ಕಷ್ಟೆ. ಒತ್ತಕ್ಷರ ಸಣ್ಣದಾಗಿ ಕಂಡರೆ ಅವರು ಅಲ್ಲಿಗೇ ಕೈಬಿಡುತ್ತಾರೆ. ಹಿರಿಯರ ಕಣ್ಣಿಗೆ ಒಂದು ಮೆಟ್ಟಿಲು, ಕಿರಿಯರ ಕಲಿಕೆಗೆ ಒಂದು ಮೆಟ್ಟಿಲು. ಎರಡೂ ಕೂಡುವ ಚಿಹ್ನೆಯ ಕಡೆಗೇ. ಮೊಬೈಲಿನ ವ್ಯವಸ್ಥೆಗಳಲ್ಲಿ ಅಕ್ಷರದ ಗಾತ್ರ ಎಲ್ಲಿದೆಯೆಂದು ಹುಡುಕಿ, ತಂದೆತಾಯಿಯರಿಗೆ ಒಪ್ಪುವ ಮೆಟ್ಟಿಲಿನಲ್ಲಿ ನಿಲ್ಲಿಸಿಕೊಡುವುದು ಎರಡು ನಿಮಿಷದ ಕೆಲಸ. ನಮ್ಮಂಥ ಸಂಘಗಳು ತಮ್ಮ ಪ್ರಕಟಣೆಗಳನ್ನು ಕಳುಹಿಸುವಾಗ ಪುಟದ ಛಾಯಾಚಿತ್ರವನ್ನಷ್ಟೇ ಕಳುಹಿಸದೆ, ಜತೆಗೆ ಬರಹವನ್ನು ಯೂನಿಕೋಡ್ ಅಕ್ಷರಗಳಲ್ಲಿಯೂ ಕಳುಹಿಸಿದರೆ ಕಲ್ಲಚ್ಚಿನಿಂದ ಮೊಳೆಗೆ ಬಂದ ಪುಣ್ಯ ಬರುತ್ತದೆ.

ಮುದ್ರಕನ ಪೆಟ್ಟಿಗೆಯಲ್ಲಿದ್ದ ಮೆಟ್ಟಿಲು ಈಗ ಓದುವವನ ಕೈಗೆ ಬಂದಿದೆ. ಅದನ್ನು ಹತ್ತಲು ಪಕ್ಕದಲ್ಲಿ ನಿಂತು ಒಂದು ಕೈ ಕೊಡಬೇಕಾದವರು ಮನೆಯವರಾದ ನಾವು.